‘ಯಾವ ಹೊತ್ತಿಗಾದರೂ ಫೋನ್ ಮಾಡು’ ಎನ್ನಬೇಡಿ



ನಾನು ಬೆಳಗಾವಿಯವಳು, ವಯಸ್ಸು 41. ಬಿ.ಕಾಂ. ಓದಿದ್ದೇನೆ. ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ. ಎರಡನೇ ಬಾಣಂತನದಲ್ಲಿ ನನ್ನ ಮನಸ್ಸು ಪೂರಾ ಕುಸಿದಿತ್ತು. ಮಗು ಅತ್ತರೂ ಎತ್ತಿಕೊಳ್ಳಬೇಕು ಅನಿಸುತ್ತಿರಲಿಲ್ಲ. ಮನೆಯವರು ದೃಷ್ಟಿ ತೆಗೆಸಿದರು, ತಾಯಿತ ಕಟ್ಟಿಸಿದರು. ಕೊನೆಗೆ ನಮ್ಮಣ್ಣ ಹಟ ಹಿಡಿದು ಧಾರವಾಡಕ್ಕೆ ಕರೆದೊಯ್ದು ಮಾನಸಿಕ ವೈದ್ಯರಿಗೆ ತೋರಿಸಿದ. ಗುಣವಾದೆ. ನನ್ನಂಥವರು ಇನ್ನೆಷ್ಟು ಮಂದಿ ಇದ್ದಾರೋ ಅಂತ ನಾಲ್ವರು ಗೆಳತಿಯರು ಕೂಡಿ ಸಣ್ಣದೊಂದು ಟ್ರಸ್ಟ್ ಮಾಡಿಕೊಂಡೆವು.

ವಡಗಾವಿ, ಖಾಸಬಾಗದ ನೇಕಾರರ ಓಣಿಗಳಲ್ಲಿ ಶುರು ಮಾಡಿದೆವು. ಬಾಣಂತಿಯ ಪಕ್ಕ ಕೂತು ಮಾತಾಡುವುದು, ಬೇಕಾದರೆ ಆಸ್ಪತ್ರೆಗೆ ಜೊತೆಗೆ ಹೋಗುವುದು, ಇಷ್ಟೇ ಕೆಲಸ. ಆಮೇಲೆ ಖಾನಾಪುರ ತಾಲೂಕಿನಿಂದಲೂ ಕರೆ ಬಂದವು. ಬೀಡಿ, ಇಟಗಿ, ನಂದಗಡ, ಜಾಂಬೋಟಿ ಅಂತ ಹರಡುತ್ತ ಹೋದೆವು. ನನ್ನ ಸ್ವಂತ ಮೊಬೈಲ್ ನಂಬರನ್ನೇ ಚೀಟಿಯಲ್ಲಿ ಅಚ್ಚು ಹಾಕಿಸಿ, ‘ಯಾವ ಹೊತ್ತಿಗಾದರೂ ಫೋನ್ ಮಾಡು’ ಎಂದು ಎಲ್ಲರ ಕೈಗೂ ಕೊಟ್ಟೆ.

ಈ ಮಳೆಗಾಲದಲ್ಲಿ ಜಾಂಬೋಟಿಯಿಂದಾಚೆಯ ಹಳ್ಳಿಯ ಒಬ್ಬ ಹುಡುಗಿಯ ಮನೆಗೆ ಎರಡು ಸಲ ಹೋಗಿದ್ದೆವು. ಚೊಚ್ಚಲು, ಹೆಣ್ಣು ಕೂಸು. ತವರಿನಲ್ಲಿ ಬಾಣಂತನ ಮುಗಿಸಿ ಅತ್ತೆ ಮನೆಗೆ ಬಂದು ಸ್ವಲ್ಪ ದಿನವಾಗಿತ್ತು. ಗಂಡ ಗೋವಾದಲ್ಲಿ ಕೆಲಸಕ್ಕೆ. ಅತ್ತೆ ಎದುರಿಗೇ ಕೂತಿದ್ದರು. ಹುಡುಗಿ ಮರಾಠಿಯಲ್ಲಿ ‘ಚಲೋ ಇದ್ದೇನೆ’ ಅಂದಳು. ನನಗೆ ಮರಾಠಿ ಅಷ್ಟಕ್ಕಷ್ಟೇ. ಹೊರಟು ಬಂದೆವು. ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ ಅವಳ ಫೋನ್ ಬಂದಿತ್ತು. ಮಗನ ಪರೀಕ್ಷೆಯೆಂದು ನಾನು ಮೊಬೈಲ್ ಸದ್ದು ಬಂದ್ ಮಾಡಿ ಮಲಗಿದ್ದೆ. ಅದೇ ರಾತ್ರಿ ಅವಳು ಜೀವ ಕಳೆದುಕೊಳ್ಳಲು ಹೋಗಿದ್ದಳೆಂದು ಬೆಳಿಗ್ಗೆ ತಿಳಿಯಿತು. ದೇವರು ದೊಡ್ಡವನು, ಉಳಿದಳು. ಅಂದಿನಿಂದ ನಾನು ಮೊಬೈಲ್ ಕೈಯಲ್ಲಿ ಹಿಡಿದುಕೊಂಡೇ ಮಲಗುತ್ತೇನೆ. ನಿದ್ದೆ ಬರುವುದಿಲ್ಲ.

ಅವಳ ಅತ್ತೆ ಊರಲ್ಲೆಲ್ಲ, ‘ಬೆಳಗಾಂವದಿಂದ ಬಂದು ನಮ್ಮ ಸೊಸೆಯಂದಿರ ತಲಿ ಕೆಡಸ್ತಾರ’ ಎಂದು ಹೇಳುತ್ತಿದ್ದಾರೆ. ಈ ನಡುವೆ ಒಂದು ಕಂಪನಿ ಹಣ ಕೊಡಲು ಮುಂದೆ ಬಂದಿದೆ. ಒಂದೇ ವರ್ಷದಲ್ಲಿ ಇಡೀ ತಾಲೂಕು ಮುಟ್ಟಬೇಕು, ಎಷ್ಟು ತಾಯಂದಿರು ಗುಣವಾದರು ಎಂಬ ಸಂಖ್ಯೆ ಮತ್ತು ಫೋಟೊ ಬೇಕು ಅಂತಾರೆ. ನಮ್ಮೆಜಮಾನರು, ‘ಸಾಕು, ಮುಚ್ಚು’ ಅನ್ನುತ್ತಾರೆ. ಡಾಕ್ಟರ್ ಅಲ್ಲದ ನನಗೆ ಈ ಕೆಲಸಕ್ಕೆ ಹಕ್ಕು ಇದೆಯೇ? ಮುಚ್ಚಿಬಿಡಲೇ?

– ಹೆಸರು ಬೇಡ, ಬೆಳಗಾವಿ

ತಂಗೀ,

ಮೊದಲು ಆ ರಾತ್ರಿಯ ಮಾತು. ಆ ಹುಡುಗಿ ಆ ಸ್ಥಿತಿಗೆ ಬಂದದ್ದು ನಿಮ್ಮ ಮೊಬೈಲ್ ಸದ್ದು ಮಾಡದೇ ಇದ್ದದ್ದರಿಂದ ಅಲ್ಲ. ವಾರಗಟ್ಟಲೆ ನಿದ್ದೆಯಿಲ್ಲದ ರಾತ್ರಿಗಳು, ದೂರದ ಗಂಡ, ಹೊಸ ಮನೆ, ಯಾರೂ ಗುರುತಿಸದ ಕಾಯಿಲೆ, ಇವೆಲ್ಲ ಸೇರಿ ಅವಳನ್ನು ಅಲ್ಲಿಗೆ ತಂದವು. ನೀವು ಫೋನ್ ಎತ್ತಿದ್ದರೆ ಅವಳಿಗೆ ಒಂದಿಷ್ಟು ಸಮಾಧಾನ ಸಿಗುತ್ತಿತ್ತೇನೋ. ಆದರೆ ಮಳೆಗಾಲದ ಆ ರಾತ್ರಿಯಲ್ಲಿ ಬೆಳಗಾವಿಯಿಂದ ಜಾಂಬೋಟಿಯಾಚೆಗೆ ನೀವು ಹೋಗಿ ಮುಟ್ಟುವುದು ಆಗುವ ಮಾತಾಗಿರಲಿಲ್ಲ. ಇನ್ನೊಂದನ್ನೂ ಮರೆಯಬೇಡಿ. ಅಷ್ಟು ಕಷ್ಟದಲ್ಲಿ ಅವಳ ಕೈ ಹುಡುಕಿದ್ದು ನಿಮ್ಮ ಚೀಟಿಯನ್ನು. ಎರಡೇ ಭೇಟಿಯಲ್ಲಿ ನೀವು ಅವಳ ನಂಬಿಕೆ ಗಳಿಸಿದ್ದಿರಿ. ಆ ನಂಬಿಕೆ ದೊಡ್ಡದು. ಅದನ್ನು ಹೊರುವುದಕ್ಕೆ ಒಬ್ಬರ ಮೊಬೈಲ್ ಸಾಲದು ಎಂಬುದಷ್ಟೇ ಇಲ್ಲಿ ತಿದ್ದಬೇಕಾದದ್ದು.

ಆದ್ದರಿಂದ ಮುಚ್ಚಬೇಡಿ, ಆದರೆ ಆ ಚೀಟಿಯನ್ನು ಈ ವಾರವೇ ಹಿಂದಕ್ಕೆ ಪಡೆಯಿರಿ. ‘ಯಾವ ಹೊತ್ತಿಗಾದರೂ’ ಎಂಬ ಮಾತನ್ನು ಮನೆಮಂದಿ ಇರುವ ಯಾವ ಹೆಂಗಸೂ ನಡೆಸಿಕೊಡಲಾರಳು. ಅದನ್ನು ನಂಬಿದವಳು ಫೋನ್ ಎತ್ತದ ಹೊತ್ತಿನಲ್ಲಿ ಇನ್ನಷ್ಟು ಒಂಟಿಯಾಗುತ್ತಾಳೆ. ಹೊಸ ಚೀಟಿಯಲ್ಲಿ ಮೇಲೆ ದೊಡ್ಡ ಅಕ್ಷರದಲ್ಲಿ 14416 ಎಂದು ಹಾಕಿ. ಅದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಜೀವಕ್ಕೆ ಅಪಾಯವಿದ್ದರೆ 108 ಆಂಬುಲೆನ್ಸ್, ಮನೆಯಲ್ಲಿ ಹೊಡೆತ ಬಡಿತವಿದ್ದರೆ 181 ಅಥವಾ 112. ಇವುಗಳ ಕೆಳಗೆ ನಿಮ್ಮ ಟ್ರಸ್ಟಿನ ನಂಬರು, ಬೆಳಿಗ್ಗೆ ಹತ್ತರಿಂದ ಸಂಜೆ ಐದು, ರವಿವಾರ ಇಲ್ಲ ಎಂದು ಸ್ಪಷ್ಟವಾಗಿ ಬರೆಯಿಸಿ. ಆ ನಂಬರು ನಿಮ್ಮ ಸ್ವಂತದ್ದಾಗಿರಬಾರದು. ಬೇರೆ ಸಿಮ್ ಕೊಂಡು ಬೇರೆ ಸೆಟ್ಟಿನಲ್ಲಿ ಹಾಕಿ, ವಾರಕ್ಕೊಬ್ಬರಂತೆ ನಾಲ್ವರೂ ಸರದಿಯಲ್ಲಿ ಇಟ್ಟುಕೊಳ್ಳಿ. ಹಳೆಯ ಚೀಟಿ ಪಡೆದ ಪ್ರತಿ ತಾಯಿಗೂ ನೀವೇ ಕರೆ ಮಾಡಿ ಹೊಸದನ್ನು ಹೇಳಿ. ಈ ಕೆಲಸ ಬೇಸರದ್ದು, ಆದರೂ ಅರ್ಧಕ್ಕೆ ಬಿಡಬೇಡಿ.

ಫೋನೇ ಹಿಡಿಯದ ಊರುಗಳೂ ಖಾನಾಪುರ ತಾಲೂಕಿನಲ್ಲಿವೆ. ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಪಾಸ್ತೋಳಿ, ಕೊಂಗಳಾ ಕಡೆ ಮಳೆಗಾಲದಲ್ಲಿ ಕಾಯಿಲೆಯವರನ್ನು ಹೆಗಲ ಮೇಲೆ ಹೊತ್ತು ತರುವ ಸುದ್ದಿ ವರ್ಷವರ್ಷವೂ ಪತ್ರಿಕೆಗಳಲ್ಲಿ ಬರುತ್ತದೆ. ಅಂಥ ಕಡೆ ಚೀಟಿ ಕೊಟ್ಟು ಬರುವುದು ಕೊಟ್ಟಂತೆಯೇ ಅಲ್ಲ. ಅಲ್ಲಿ ತಾಯಿಯ ಸಮ್ಮತಿ ಪಡೆದು ಊರಿನ ಆಶಾ, ಅಂಗನವಾಡಿ ಕಾರ್ಯಕರ್ತೆ, ಗಾಡಿ ಇರುವ ಒಬ್ಬ ನೆರೆಯವರು ಇವರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಆಷಾಢಕ್ಕೆ ಮುಂಚೆಯೇ.

ಇನ್ನು ಹಕ್ಕಿನ ಪ್ರಶ್ನೆ. ಡಾಕ್ಟರಲ್ಲದ ಹೆಂಗಸು ತಾಯಿಯ ಜೀವ ಉಳಿಸಬಲ್ಲಳು ಎಂದು ಲೋಕಕ್ಕೆ ತೋರಿಸಿದ್ದು ನಿಮ್ಮ ಜಿಲ್ಲೆಯೇ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಒಂದು ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹೆರಿಗೆಯಾದ ತಕ್ಷಣ ಹಳ್ಳಿಯ ಸಹಾಯಕ ದಾದಿಯರು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ನುಂಗಿಸುವುದು, ಅಷ್ಟೇ ಪ್ರಯೋಗ. 1,620 ಹೆಂಗಸರು ಅದರಲ್ಲಿದ್ದರು. ಅತಿಯಾದ ರಕ್ತಸ್ರಾವವಾಗುವವರು ನೂರಕ್ಕೆ 12ರಿಂದ ಆರರ ಆಸುಪಾಸಿಗೆ ಇಳಿದರು. ಆ ದಾದಿಯರು ಶಸ್ತ್ರಕ್ರಿಯೆ ಮಾಡಲಿಲ್ಲ, ತಜ್ಞರ ಜಾಗದಲ್ಲಿ ನಿಲ್ಲಲಿಲ್ಲ. ಕಲಿಸಿದ ಒಂದು ಕೆಲಸವನ್ನು ಸರಿಯಾದ ಹೊತ್ತಿಗೆ ಮಾಡಿದರು, ಕೈಮೀರಿದರೆ ದೊಡ್ಡಾಸ್ಪತ್ರೆಗೆ ಕಳಿಸಿದರು.

ಮನಸ್ಸಿನ ವಿಷಯದಲ್ಲೂ ಇಂಥದ್ದು ನಡೆದಿದೆ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಿನ ಹಳ್ಳಿಗಳಲ್ಲಿ ಮನೋವೈದ್ಯ ಆತಿಫ್ ರಹಮಾನ್ ಮತ್ತವರ ತಂಡ ಅಲ್ಲಿನ ಆರೋಗ್ಯ ಕಾರ್ಯಕರ್ತೆಯರಿಗೆ ಖಿನ್ನತೆಯ ತಾಯಂದಿರ ಜೊತೆ ಮಾತಾಡುವ ಕ್ರಮ ಕಲಿಸಿತು. ಬಸಿರಿನ ಕೊನೆಯ ತಿಂಗಳಿನಿಂದ ಆರಂಭಿಸಿ ಒಟ್ಟು 16 ಭೇಟಿ. ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ, ಈ ಭೇಟಿ ಪಡೆದವರಲ್ಲಿ ನೂರಕ್ಕೆ 23 ಮಂದಿ ಮಾತ್ರ ಖಿನ್ನತೆಯಲ್ಲಿ ಉಳಿದಿದ್ದರು. ಪಡೆಯದವರಲ್ಲಿ 53. ಇದು 2008ರ ಮಾತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೈಪಿಡಿಯಾಗಿ ಹೊರತಂದಿತು. ನಿಮ್ಮ ಪಕ್ಕದ ಗೋವಾದಲ್ಲಿ ‘ಸಂಗಾತ್’ ಸಂಸ್ಥೆ ಅದೇ ಕ್ರಮವನ್ನು ಸಾಮಾನ್ಯ ಗೃಹಿಣಿಯರ ಕೈಯಲ್ಲಿ ಮಾಡಿಸಿ ನೋಡಿತು. ಅಲ್ಲಿ ಸಿಕ್ಕ ಲಾಭ ಮಿತವಾದದ್ದು, ಪವಾಡವಲ್ಲ. ಅದನ್ನೂ ಹೇಳಲೇಬೇಕು. ಆದರೆ ಲಾಭವಂತೂ ಇತ್ತು. ಈ ಎಲ್ಲ ಕಡೆ ಒಂದು ಸಂಗತಿ ಸಮಾನ: ಹೆಂಗಸರಿಗೆ ತರಬೇತಿ ಇತ್ತು, ತಲೆಯ ಮೇಲೆ ಒಬ್ಬ ತಜ್ಞರಿದ್ದರು, ಮಾಡಬಾರದ್ದು ಏನೆಂದು ಗೊತ್ತಿತ್ತು. ನಿಮ್ಮಲ್ಲಿ ಇಲ್ಲದಿರುವುದು ಇವು ಮೂರು. ಡಿಗ್ರಿಯ ಚಿಂತೆ ಬಿಡಿ.

ತಜ್ಞರು ದೂರವಿಲ್ಲ. ನೀವೇ ಗುಣವಾಗಿ ಬಂದ ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ಮಾನಸಿಕ ವಿಭಾಗಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮಾನಸಿಕ ತಜ್ಞರು ಬರುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಿದೆ. ಖಾನಾಪುರಕ್ಕೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಇವರಲ್ಲಿ ಒಬ್ಬರನ್ನು ಹಿಡಿದು, ತಿಂಗಳಿಗೊಮ್ಮೆ ಒಂದೆರಡು ತಾಸು ನಿಮ್ಮ ನಾಲ್ವರ ಜೊತೆ ಕೂತು, ನೀವು ಕಂಡ ತಾಯಂದಿರ ಬಗ್ಗೆ ಮಾತಾಡಲು ಒಪ್ಪಿಸಿ. ಅಂಥವರು ಸಿಗುವವರೆಗೆ ಹೊಸ ಊರಿಗೆ ಕಾಲಿಡಬೇಡಿ.

ನಿಮ್ಮ ನಾಲ್ವರಿಗೂ ಕಣ್ಣಿಗೆ ಕಂಡೊಡನೆ ತಿಳಿಯಬೇಕಾದ ಮೂರು ಬಗೆಗಳಿವೆ. ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು, ಸಿಡುಕು, ಮತ್ತೆ ನಗು. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಇದು ಆಗುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಊಟ, ನಿದ್ದೆ, ಹತ್ತಿರ ಒಬ್ಬರು ಇದ್ದರೆ ಸಾಕು. ಎರಡನೆಯದು ಖಿನ್ನತೆ. ಎರಡು ವಾರ ದಾಟಿದರೂ ಮಂಕು ಹೋಗದು, ಕೂಸು ಮಲಗಿದರೂ ತಾಯಿಗೆ ನಿದ್ದೆ ಬಾರದು, ಅಂಟಿನ ಉಂಡಿಯೂ ಅಳವಿ ಪಾಯಸವೂ ಬಾಯಿಗೆ ರುಚಿಸದು, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತದೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಕೂಡಿಸಿ ನೋಡಿದ 2017ರ ಒಂದು ವಿಶ್ಲೇಷಣೆಯ ಪ್ರಕಾರ ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಈ ತೊಂದರೆ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳನ್ನು ವೈದ್ಯರು ಆರಿಸಿ ಕೊಡುತ್ತಾರೆ. ಹಾಲು ಕೆಡುತ್ತದೆಂದು ಹೆದರಿ ಮನೆಯವರು ಮಾತ್ರೆ ನಿಲ್ಲಿಸುವುದೇ ಹೆಚ್ಚಿನ ಅಪಾಯ. ರಕ್ತಹೀನತೆ, ಥೈರಾಯ್ಡ್ ಇದ್ದರೂ ಹೀಗೇ ಬಳಲಿಕೆ ಕಾಣುತ್ತದೆ, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಿ.

ಮೂರನೆಯದು ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು. ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ರಾತ್ರಿಯಿಡೀ ಎಚ್ಚರ, ಸಂಬಂಧವಿಲ್ಲದ ಮಾತು, ಯಾರೋ ಕೂಸನ್ನು ಒಯ್ಯಲು ಬಂದಿದ್ದಾರೆಂಬ ಭಯ, ಕಿವಿಯಲ್ಲಿ ದನಿ, ಇಲ್ಲವೇ ತಾನು ದೇವಿ ಎಂಬ ಭಾವ. ಇದು ಕಂಡ ದಿನವೇ ಆಸ್ಪತ್ರೆ. ನಾಳೆ ಅಮಾವಾಸ್ಯೆ ಮುಗಿಯಲಿ, ದೇವಸ್ಥಾನಕ್ಕೆ ಹೋಗಿ ಬಂದು ನೋಡೋಣ ಎಂಬುದಕ್ಕೆ ಸಮಯವಿಲ್ಲ. ದೇವಸ್ಥಾನಕ್ಕೆ ಬೇಕಾದರೆ ಅತ್ತೆಯವರು ಹೋಗಿ ಬರಲಿ, ತಾಯಿ ಆಂಬುಲೆನ್ಸಿನಲ್ಲಿ ಹೊರಡಲಿ. ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇಟ್ಟು ನೋಡಿಕೊಳ್ಳುವ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತೆರೆಯಿತು. ಅಷ್ಟು ದೂರ ಹೋಗಲಾಗದವರಿಗೂ ಒಂದು ಆಸರೆ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ವೈದ್ಯರು ಕಂಡರೆ ಮಾತ್ರ ಕೆಲಕಾಲ ಬೇರೆ ಇಡಬಹುದು. ‘ಆಸ್ಪತ್ರೆಗೆ ಹಾಕಿದರೆ ಕೂಸನ್ನು ಕಸಿದುಕೊಳ್ಳುತ್ತಾರೆ’ ಎಂದು ಹೆದರುವ ತಾಯಂದಿರಿಗೆ ಇದನ್ನು ಹೇಳಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದು ವಾಕ್ಯದ ಮೇಲೆ: ತವರಿನಲ್ಲಿ ಬಾಣಂತನ ಮುಗಿಸಿ ಅತ್ತೆ ಮನೆಗೆ ಬಂದು ಸ್ವಲ್ಪ ದಿನವಾಗಿತ್ತು. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಕೂಸಿನ ತೂಕ, ಹೊಕ್ಕಳು, ಜ್ವರ ನೋಡುತ್ತಾರೆ. ಚೊಚ್ಚಲು ಬಾಣಂತಿಗೆ ಈ ಭೇಟಿಗಳೆಲ್ಲ ತವರಿನ ಊರಿನಲ್ಲೇ ಆಗುತ್ತವೆ. ಮೂರನೇ ತಿಂಗಳೋ ಐದನೇ ತಿಂಗಳೋ ತೊಟ್ಟಿಲು, ಬಟ್ಟೆಬರೆ, ಉಡಿ ತುಂಬಿಸಿಕೊಂಡು ಅವಳು ಗಂಡನ ಊರಿಗೆ ಬರುತ್ತಾಳೆ. ತವರಿನ ಆಶಾಳ ಪುಸ್ತಕದಲ್ಲಿ ಅವಳ ಲೆಕ್ಕ ಮುಗಿದಿರುತ್ತದೆ, ಗಂಡನ ಊರಿನ ಆಶಾಳಿಗೆ ಅವಳು ಹೊಸಬಳು. ಎಣ್ಣೆ ನೀರು ಹಾಕಿ ಮಲಗಿಸುತ್ತಿದ್ದ ಅವ್ವ ಹತ್ತಿರ ಇರುವುದಿಲ್ಲ, ಮೊದಲಿನಷ್ಟೇ ಮನೆಗೆಲಸ ಕಾದಿರುತ್ತದೆ, ಗಂಡ ಪಣಜಿಯಲ್ಲೋ ಪುಣೆಯಲ್ಲೋ ಇರುತ್ತಾನೆ. ಎರಡು ಊರುಗಳ ನಡುವಿನ ಈ ಹೊತ್ತಿನಲ್ಲಿ ಅವಳನ್ನು ಕೇಳುವವರೇ ಇಲ್ಲ.

ನಿಮ್ಮ ಟ್ರಸ್ಟ್ ನಿಲ್ಲಬೇಕಾದ ಜಾಗ ಇದೇ ಎಂದು ನನಗೆ ದೃಢವಾಗಿ ಅನಿಸುತ್ತದೆ. ಇಡೀ ತಾಲೂಕು ಬೇಡ. ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿ ಆರಿಸಿಕೊಳ್ಳಿ. ಒಂದು ಕನ್ನಡ ಹೆಚ್ಚಾಗಿ ಆಡುವ ಬೀಡಿ, ಇಟಗಿ, ಪಾರಿಶ್ವಾಡ ಕಡೆಯದು, ಇನ್ನೊಂದು ಮರಾಠಿ ಆಡುವ ಜಾಂಬೋಟಿ ಕಡೆಯದು. ಅಲ್ಲಿನ ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು, ಆಶಾಗಳ ಸಭೆಗೆ ಹೋಗಿ ಒಂದೇ ಬೇಡಿಕೆ ಇಡಿ: ‘ತವರಿಗೆ ಹೊರಟವಳು, ತವರಿನಿಂದ ಬಂದವಳು, ಇಬ್ಬರ ಸುದ್ದಿಯನ್ನೂ ಅವಳ ಒಪ್ಪಿಗೆ ಕೇಳಿ ನಮಗೆ ತಿಳಿಸ್ರಿ.’ ಬಂದ ವಾರದೊಳಗೆ ಒಂದು ಭೇಟಿ, ಆಮೇಲೆ ಹದಿನೈದು ದಿನಕ್ಕೊಂದು, ಮೂರು ತಿಂಗಳವರೆಗೆ. ಕಷ್ಟದಲ್ಲಿದ್ದವಳಿಗೆ ವಾರವಾರ. ಆಶಾಗಳ ಮೇಲೆ ಈಗಾಗಲೇ ಕೆಲಸದ ಹೊರೆ ವಿಪರೀತ. ಅವರಿಂದ ಹೊಸ ಫಾರಂ ತುಂಬಿಸಬೇಡಿ, ಬರೆಯುವುದನ್ನು ನೀವೇ ಬರೆದುಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತವಾಗಿರುವುದರಿಂದ ನಿಮ್ಮವರು ಓಡಾಡುವ ಖರ್ಚೂ ಕಡಿಮೆ.

ಜಾಂಬೋಟಿ ಕಡೆಗೆ ಹೋಗುವವಳು ಆ ಕಡೆಯವಳೇ ಆಗಿರಲಿ, ಮನೆಯಲ್ಲಿ ಮರಾಠಿ ಆಡುವವಳೇ ಆಗಿರಲಿ. ಗಡಿಯ ವಾದ ಬೀದಿಯಲ್ಲಿ ಎಷ್ಟಾದರೂ ನಡೆಯಲಿ, ಬಾಣಂತಿ ತನ್ನ ನೋವನ್ನು ತನ್ನ ಅವ್ವನ ಮಾತಿನಲ್ಲೇ ಹೇಳಬಲ್ಲಳು. ಇನ್ನೊಂದು, ಅವಳನ್ನು ಒಂಟಿಯಾಗಿ ಮಾತಾಡಿಸದೆ ಭೇಟಿ ಮುಗಿಯಿತು ಎಂದುಕೊಳ್ಳಬೇಡಿ. ಒಬ್ಬರು ಅತ್ತೆಯ ಜೊತೆ ಒಲೆಯ ಹತ್ತಿರ ಕೂತು ಮಾತಾಡಲಿ, ಇನ್ನೊಬ್ಬರು ಕೂಸಿನ ನೆಪದಲ್ಲಿ ತಾಯಿಯ ಹತ್ತಿರ ಹೋಗಲಿ. ಇದಕ್ಕೇ ಇಬ್ಬರಿಬ್ಬರಾಗಿ ಹೋಗಬೇಕು. ‘ಹೆಂಗದಿ?’ ಅಂದರೆ ಎಲ್ಲರೂ ಆರಾಮ ಅಂತಾರೆ. ‘ನಿನ್ನೆ ರಾತ್ರಿ ಎಷ್ಟು ತಾಸು ಮಲಗಿದಿ? ಕೂಸು ಮಲಗಿದಾಗ ನಿನಗೆ ನಿದ್ದಿ ಹತ್ತತೈತೇನು? ಕಡೀಕ ಯಾವಾಗ ನಕ್ಕಿದ್ದಿ?’ ಎಂದು ಕೇಳಿ.

ಎಡಿನ್‌ಬರೋ ಪ್ರಶ್ನಾವಳಿ ಎಂದು ಒಂದಿದೆ. ಸ್ಕಾಟ್ಲೆಂಡಿನಲ್ಲಿ 1987ರಲ್ಲಿ ಸಿದ್ಧವಾದದ್ದು, ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ. ಅದರ ಕನ್ನಡ ರೂಪವನ್ನು ನಮ್ಮ ರಾಜ್ಯದ ಅಧ್ಯಯನಗಳಲ್ಲಿ ಬಳಸಿದ್ದಾರೆ. ನಿಮ್ಮ ತಜ್ಞರಿಂದ ಅದನ್ನು ಬಳಸುವುದನ್ನು ಕಲಿಯಿರಿ. ಓದಲು ಬರದವಳಿಗೆ ನೀವೇ ನಿಧಾನವಾಗಿ ಓದಿ ಹೇಳಬೇಕಾಗುತ್ತದೆ. ಅಂಕ ಹೆಚ್ಚು ಬಂದರೆ ಕಾಯಿಲೆ ಖಚಿತ ಎಂದಲ್ಲ, ವೈದ್ಯರಿಗೆ ತೋರಿಸಬೇಕು ಎಂದಷ್ಟೇ ಅರ್ಥ. ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ‘ಇಲ್ಲವೇ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಮುಂದಿನ ಹೆಜ್ಜೆ ಇಡಬೇಕು. ಸಾವಿನ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಆ ಯೋಚನೆ ನಾವೇ ಹುಟ್ಟಿಸಿದಂತಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಮೆಲ್ಲಗೆ ಕೇಳಿದರೆ ಬಹಳ ಮಂದಿ ಹಗುರಾಗುತ್ತಾರೆ. ಹೌದು ಎಂದವಳನ್ನು ಒಂಟಿಯಾಗಿ ಬಿಟ್ಟು ಬರಬೇಡಿ. ಅವಳು ನಂಬುವ ಒಬ್ಬರನ್ನು ಜೊತೆಗಿರಿಸಿ, ಮನೆಯಲ್ಲಿರುವ ಹೊಲದ ಔಷಧಿ, ಮಾತ್ರೆಗಳನ್ನು ಬೀಗದೊಳಗೆ ಇಡಿಸಿ, ಅಲ್ಲಿಂದಲೇ 14416ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿಸಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಿಮ್ಮ ನಾಲ್ವರ ಚೀಲದಲ್ಲೂ ಇರಿಸಿ. ಗಾಬರಿಯ ಹೊತ್ತಿನಲ್ಲಿ ನೆನಪನ್ನು ನಂಬಬಾರದು.

ಅತ್ತೆಯ ಮಾತಿಗೆ ಬೇಸರ ಮಾಡಿಕೊಂಡಿದ್ದೀರಿ. ನನಗೆ ಆ ಹೆಂಗಸಿನ ಬಗ್ಗೆಯೂ ಮರುಕವಿದೆ. ತಾನು ಹೆತ್ತಾಗ ಮೂರನೇ ತಿಂಗಳಿಗೆ ಗದ್ದೆಗಿಳಿದವಳು ಇರಬಹುದು, ತನ್ನ ಅಳುವನ್ನು ಯಾರೂ ಕೇಳದೆ ಇದ್ದವಳು ಇರಬಹುದು. ಊರವರ ಕಣ್ಣಲ್ಲಿ ಈಗ ಆಕೆಯೇ ತಪ್ಪಿತಸ್ಥೆ, ಆ ಭಾರ ತಾಳದೆ ನಿಮ್ಮ ಮೇಲೆ ಹಾಕುತ್ತಿದ್ದಾಳೆ. ರಾವಲ್ಪಿಂಡಿಯ ಕಾರ್ಯಕರ್ತೆಯರು ಮನೆಯ ಬಾಗಿಲು ತೆರೆಸಿದ್ದು ಖಿನ್ನತೆಯ ಹೆಸರಿನಲ್ಲಿ ಅಲ್ಲ, ಕೂಸು ಚೆನ್ನಾಗಿ ಬೆಳೆಯಬೇಕೆಂಬ ಮಾತಿನಿಂದ. ಮನೆಮಂದಿಯೆಲ್ಲ ಒಪ್ಪುವ ಮಾತು ಅದೊಂದೇ. ನೀವೂ ಅತ್ತೆಗೆ ಹೇಳಿ: ‘ಅಮ್ಮಾ, ತಾಯಿ ಗಟ್ಟಿ ಇದ್ರ ಕೂಸು ಗಟ್ಟಿ. ಆಕಿಗೆ ರಾತ್ರಿ ನಾಕು ತಾಸು ಒಂದೇ ಸವನೆ ನಿದ್ದಿ ಬೇಕು, ನೀವು ಕೂಸಿನ ಹಿಡಕೊಂಡ್ರ ಆಗತೈತಿ.’ ಮಾಡಲು ಒಂದು ಕೆಲಸ ಕೊಟ್ಟರೆ ಬೈಗುಳ ಕಡಿಮೆಯಾಗುತ್ತದೆ. ಗಂಡನಿಗೂ ಗೋವಾಕ್ಕೆ ಫೋನ್ ಮಾಡಿ ಮಾತಾಡಿ, ಹುಡುಗಿ ಒಪ್ಪಿದರೆ. ಗೋವಾದಲ್ಲೇ ನಡೆದು 2002ರಲ್ಲಿ ಪ್ರಕಟವಾದ ವಿಕ್ರಮ್ ಪಟೇಲ್ ಅವರ ಅಧ್ಯಯನದಲ್ಲಿ ಖಿನ್ನತೆಗೆ ಹತ್ತಿರವಾಗಿ ಕಂಡದ್ದು ಬಡತನ, ಗಂಡ ಹೆಂಡಿರ ನಡುವಿನ ವಿರಸ ಮತ್ತು ಗಂಡು ಬೇಕೆಂದಿದ್ದ ಕಡೆ ಹೆಣ್ಣು ಹುಟ್ಟಿದ್ದು. ಕೂಸಿನ ಹೆಸರು ಕೇಳುವಾಗಿನ ಮನೆಯವರ ಮುಖ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಆದರೆ ಹೊಡೆತ ಇರುವ ಮನೆಯಲ್ಲಿ ಈ ಯಾವ ನಯವೂ ಸಾಲದು. ಅಲ್ಲಿ ಹುಡುಗಿಯ ಇಷ್ಟ ಕೇಳಿಕೊಂಡು 181, ಸಖಿ ಕೇಂದ್ರ, ಸಂರಕ್ಷಣಾಧಿಕಾರಿಗಳ ದಾರಿ ಹಿಡಿಯಿರಿ.

ಕಂಪನಿಯ ಹಣ. ಹಣ ಬೇಕು, ನಾನು ಬೇಡ ಎನ್ನುವುದಿಲ್ಲ. ಮನೆಮನೆಗೆ ಹೋಗುವ ಹೆಂಗಸರಿಗೆ ತಿಂಗಳ ಗೌರವಧನ ಕೊಡದೆ ಸೇವೆ ಸೇವೆ ಎನ್ನುವುದು ಅನ್ಯಾಯ. ಆದರೆ ಅವರ ಷರತ್ತು ಹೀಗೇ ಇದ್ದರೆ ಒಪ್ಪಬೇಡಿ. ಒಂದು ವರ್ಷದಲ್ಲಿ ಇಡೀ ಖಾನಾಪುರ ಎಂದರೆ ಕಣಕುಂಬಿಯ ಮಳೆಕಾಡಿನಿಂದ ಪಾರಿಶ್ವಾಡದ ಬಯಲಿನವರೆಗೆ. ಪ್ರತಿ ಮನೆಗೂ ಒಂದೊಂದೇ ಸಲ ಹೋಗಿ ಸಹಿ ಹಾಕಿಸಿಕೊಂಡು ಬರುವ ಕೆಲಸವಾಗುತ್ತದೆ. ಎರಡು ಭೇಟಿಯಲ್ಲಿ ಏನು ತಿಳಿಯಲಿಲ್ಲ ಎಂಬುದನ್ನು ನೀವು ಕಂಡಿದ್ದೀರಿ. ‘ಎಷ್ಟು ಮಂದಿ ಗುಣವಾದರು’ ಎಂಬ ಸಂಖ್ಯೆಯನ್ನು ನೀವು ಕೊಡಲೇ ಕೂಡದು, ಅದನ್ನು ಹೇಳಬೇಕಾದವರು ವೈದ್ಯರು. ನೀವು ಕೊಡಬಹುದಾದ ಲೆಕ್ಕ ಬೇರೆ: ಅತ್ತೆ ಮನೆಗೆ ಬಂದ ವಾರದೊಳಗೆ ಎಷ್ಟು ತಾಯಂದಿರನ್ನು ಕಂಡೆವು, ಎಷ್ಟು ಮಂದಿಯನ್ನು ವೈದ್ಯರ ಬಾಗಿಲವರೆಗೆ ಜೊತೆಯಾಗಿ ಕರೆದೊಯ್ದೆವು, ಅವರಲ್ಲಿ ಎಷ್ಟು ಮಂದಿ ಮೂರು ತಿಂಗಳ ನಂತರವೂ ಚಿಕಿತ್ಸೆಯಲ್ಲಿದ್ದಾರೆ. ಲೆಕ್ಕ ಬರೆದ ಕೈ ನಿಮ್ಮದು, ಇದು ನಿಮಗೆ ಕಷ್ಟವಲ್ಲ. ಫೋಟೊ ಒಂದೂ ಬೇಡ. ಸಣ್ಣ ಊರಿನಲ್ಲಿ ಮುಖ ಮುಚ್ಚಿದ ಫೋಟೊ ಕೂಡ ಸೀರೆ ನೋಡಿ ಗುರುತು ಸಿಗುತ್ತದೆ. ತಾಯಂದಿರ ಹೆಸರಿರುವ ಪುಸ್ತಕ ಬೀಗದ ಕಪಾಟಿನಲ್ಲಿರಲಿ, ವಾಟ್ಸಾಪ್ ಗುಂಪಿನಲ್ಲಿ ಯಾರ ಹೆಸರೂ ಬರಬಾರದು. ಈ ಷರತ್ತುಗಳಿಗೆ ಒಪ್ಪದ ಹಣ ಹೋಗಲಿ. ವಡಗಾವಿಯ ನಾಲ್ಕು ಓಣಿಗಳನ್ನು ಇಷ್ಟು ಕಾಲ ನಡೆಸಿದವರಿಗೆ ಎರಡು ಆರೋಗ್ಯ ಕೇಂದ್ರಗಳಷ್ಟು ಕೆಲಸಕ್ಕೆ ಊರಿನಲ್ಲೇ ದ್ರವ್ಯ ಹುಟ್ಟುತ್ತದೆ.

ಈಗ ನಿಮ್ಮ ವಿಷಯ. ಒಮ್ಮೆ ಖಿನ್ನತೆಯಿಂದ ಬಳಲಿ ಎದ್ದವರಿಗೆ ಅದು ಮತ್ತೆ ಬರುವ ಸಾಧ್ಯತೆ ಇದೆ. ಅಂದಿನಿಂದ ನಿದ್ದೆ ಬರುವುದಿಲ್ಲ ಎಂದು ನೀವೇ ಬರೆದಿದ್ದೀರಿ, ತಪ್ಪಿತಸ್ಥ ಭಾವ ಬಿಡುತ್ತಿಲ್ಲ ಎಂಬುದು ಪತ್ರದಲ್ಲೇ ಕಾಣುತ್ತದೆ. ಬೇರೆ ತಾಯಿಯೊಬ್ಬಳು ಹೀಗೆಂದರೆ ನೀವು ಅವಳನ್ನು ಧಾರವಾಡದ ಬಸ್ಸಿಗೆ ಹತ್ತಿಸುತ್ತಿದ್ದಿರಿ. ನಿಮ್ಮ ಹಳೆಯ ವೈದ್ಯರನ್ನು ಈ ವಾರವೇ ಕಾಣಿ, ನಿಮ್ಮಣ್ಣನನ್ನೋ ಯಜಮಾನರನ್ನೋ ಜೊತೆಗೆ ಕರೆದುಕೊಳ್ಳಿ. ಒಂದು ತಿಂಗಳು ಮನೆ ಭೇಟಿಗಳಿಗೆ ನೀವು ಹೋಗಬೇಡಿ, ಉಳಿದ ಮೂವರು ಹೋಗಲಿ. ನೀವು ಚೀಟಿ, ಪುಸ್ತಕ, ವೈದ್ಯರ ಜೊತೆಗಿನ ಮಾತುಕತೆ ನೋಡಿಕೊಳ್ಳಿ. ಯಜಮಾನರು ‘ಮುಚ್ಚು’ ಎನ್ನುವುದರ ಹಿಂದೆ ನಿಮ್ಮ ಬಗ್ಗೆ ಭಯವಿದೆ ಎಂದು ನನಗೆ ತೋರುತ್ತದೆ. ರಾತ್ರಿ ಮೊಬೈಲ್ ಮಲಗುವ ಕೋಣೆಯ ಹೊರಗೆ ಇರುತ್ತದೆ ಎಂದು ಅವರಿಗೆ ಮಾತು ಕೊಟ್ಟು ನಡೆಸಿ, ಆಮೇಲೆ ಅವರ ಅಭಿಪ್ರಾಯ ಕೇಳಿ.

ಕೊನೆಯದಾಗಿ ಜಾಂಬೋಟಿಯಾಚೆಯ ಆ ಹುಡುಗಿ. ಅವಳನ್ನು ಹೋಗಿ ನೋಡಬೇಕೋ ಬೇಡವೋ ಎಂದು ನೀವು ಕೇಳಿಲ್ಲ. ಆದರೆ ಪತ್ರದ ತುಂಬ ಆ ಪ್ರಶ್ನೆ ಇದೆ. ಹೋಗಬೇಕು, ಆದರೆ ನೀವು ಮೊದಲ ದಿನ ಬೇಡ. ಜೀವ ಕಳೆದುಕೊಳ್ಳಲು ಹೋಗಿ ಉಳಿದವರಿಗೆ ಆಸ್ಪತ್ರೆಯಿಂದ ಬಂದ ನಂತರದ ವಾರಗಳು, ತಿಂಗಳುಗಳು ನಾಜೂಕಿನವು. ಅದೇ 2017ರ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಬೇರೆಯೇ ಎಂದು ಸಾಬೀತಾಗದ ಹೊರತು ಅವರ ಮೇಲೆ ಮೊಕದ್ದಮೆ ನಡೆಸುವಂತಿಲ್ಲ, ಚಿಕಿತ್ಸೆ ಮತ್ತು ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಮನೆಯವರು ಪೊಲೀಸರಿಗೆ ಹೆದರಿ ಅವಳನ್ನು ಆಸ್ಪತ್ರೆಯಿಂದ ದೂರ ಇಟ್ಟಿರಬಹುದು, ಅವರಿಗೆ ಇದು ತಿಳಿದಿರಲಿಕ್ಕಿಲ್ಲ. ಮರಾಠಿ ಬಲ್ಲ ನಿಮ್ಮ ಗೆಳತಿಯೊಬ್ಬರು ಆ ಊರಿನ ಆಶಾಳ ಜೊತೆ ಹೋಗಿ ಇದನ್ನು ಅತ್ತೆಗೂ ಹೇಳಲಿ, ಹುಡುಗಿಗೂ ಹೇಳಲಿ. ಅವಳು ಒಪ್ಪಿದರೆ ಬರುವ ಮಂಗಳವಾರಗಳಲ್ಲಿ ತಜ್ಞರು ಇರುವ ದಿನ ನೋಡಿ ಖಾನಾಪುರ ಆಸ್ಪತ್ರೆಗೆ ಕರೆತರಲಿ, ಅತ್ತೆಯೂ ಕೂಸೂ ಜೊತೆಗೆ ಬರಲಿ. ಅಲ್ಲಿ ನೀವು ಅವಳನ್ನು ಕಾಣಿ. ಅಂದು ಫೋನ್ ಎತ್ತಲಾಗಲಿಲ್ಲ ಎಂದು ಒಂದು ಮಾತಿನಲ್ಲಿ ಹೇಳಿ, ಹೊಸ ಚೀಟಿಯನ್ನು ಕೊಟ್ಟು ಅದರಲ್ಲಿರುವ ಪ್ರತಿ ನಂಬರನ್ನೂ ಅವಳ ಮೊಬೈಲಿನಲ್ಲಿ ನೀವೇ ಹಾಕಿಕೊಡಿ. ಮುಂದಿನ ಭೇಟಿ ಯಾವ ದಿನ, ಬರುವವರು ಯಾರು ಎಂಬುದನ್ನು ಅವಳ ಎದುರಿಗೇ ಗೊತ್ತುಮಾಡಿ, ಅವಳ ತಾಯಿ ಕಾರ್ಡಿನ ಹಿಂದೆ ಬರೆದು ಕೊಡಿ.